ಬೆಳ್ಳಿ ಏಕೆ ಕಪ್ಪಾಗುತ್ತದೆ, ಅದನ್ನು ಸವೆಸದೆ ಬೆಳಗುವುದು ಹೇಗೆ

ಬಿಸಿನೀರಿನ ಬಟ್ಟಲಿಗೆ ಅಲ್ಯುಮಿನಿಯಂ ಹಾಳೆ ಹಾಸಿ, ಸೋಡಾ ಸುರಿದು, ಕರ್ರಗಾದ ಬೆಳ್ಳಿ ಸರವನ್ನು ಮುಳುಗಿಸಿ, ಎರಡೇ ನಿಮಿಷದಲ್ಲಿ ಬೆಳ್ಳಗೆ ಎತ್ತಿ ತೋರಿಸುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಅವುಗಳಲ್ಲಿ ಮೋಸವೇನೂ ಇಲ್ಲ, ಆ ರಾಸಾಯನಿಕ ಕ್ರಿಯೆ ನಿಜವಾಗಿಯೂ ನಡೆಯುತ್ತದೆ. ಆದರೆ ಅದೇ ನೀರಿಗೆ ಮುತ್ತಿನ ಓಲೆ ಬಿದ್ದರೆ ಮುತ್ತು ಮಂಕಾಗುತ್ತದೆ. ಕುಸುರಿಯ ಸಂದುಗಳಲ್ಲಿ ಕುಶಲಕರ್ಮಿ ಬೇಕೆಂದೇ ಉಳಿಸಿದ್ದ ಕಪ್ಪು ಅಳಿದುಹೋಗುತ್ತದೆ. ಅಂಟಿಸಿ ಕೂರಿಸಿದ ಹರಳು ಕಳಚಿ ಬರುತ್ತದೆ. ಹಾಗೆ ಕೆಟ್ಟ ಒಡವೆಯನ್ನು ಸರಿಪಡಿಸುವುದು ಕಷ್ಟ, ಕೆಲವೊಮ್ಮೆ ಸಾಧ್ಯವೇ ಇಲ್ಲ. ಯಾವ ಒಡವೆಗೆ ಯಾವ ವಿಧಾನ ಎಂದು ತೀರ್ಮಾನಿಸಬೇಕಾದರೆ ಮೊದಲು ಆ ಕಪ್ಪು ಏನೆಂದು ತಿಳಿದಿರಬೇಕು.

ಕಪ್ಪು ಕೊಳೆಯಲ್ಲ, ಬೆಳ್ಳಿಯೇ

ಬೆಳ್ಳಿ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಸಾಮಾನ್ಯ ತಾಪಮಾನದಲ್ಲಿ ಗಾಳಿಯಲ್ಲಿರುವ ಆಮ್ಲಜನಕವೊಂದೇ ಅದನ್ನು ಕಪ್ಪಾಗಿಸಲಾರದು. ಅದರ ನಿಜವಾದ ವೈರಿ ಗಂಧಕ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್‌ನಂಥ ಗಂಧಕದ ಅನಿಲಗಳು ಅತ್ಯಲ್ಪ ಪ್ರಮಾಣದಲ್ಲಿ ಸದಾ ಇರುತ್ತವೆ. ನೂರು ಕೋಟಿ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ, ತೇವದ ಜೊತೆ ಸೇರಿದರೆ ಅವು ಬೆಳ್ಳಿಯ ಮೇಲ್ಮೈಯಲ್ಲಿ ಬೆಳ್ಳಿಯ ಸಲ್ಫೈಡ್ ಎಂಬ ಪದರವನ್ನು ಕಟ್ಟುತ್ತವೆ. ನಾವು ಕಾಣುವ ಕಪ್ಪು ಇದೇ.

ಈ ಪದರದ ತೂಕದಲ್ಲಿ ಶೇ 87ರಷ್ಟು ಬೆಳ್ಳಿಯೇ ಇದೆ, ಉಳಿದದ್ದು ಗಂಧಕ. ಅಂದರೆ ಕಪ್ಪನ್ನು ಉಜ್ಜಿ ತೆಗೆದಾಗಲೆಲ್ಲ ಒಡವೆಯ ಬೆಳ್ಳಿಯೂ ಅಷ್ಟಷ್ಟು ಬಟ್ಟೆಗೆ ಹೋಗುತ್ತದೆ. ಒಂದು ಸಲಕ್ಕೆ ಅದು ಕಣ್ಣಿಗೆ ಕಾಣದಷ್ಟು ಕಡಿಮೆ. ಹತ್ತಾರು ವರ್ಷ ತಿಕ್ಕಿಸಿಕೊಂಡ ಒಡವೆಯಲ್ಲಿ ಮಾತ್ರ ಅದು ಕಾಣುತ್ತದೆ: ಕೆತ್ತನೆಯ ಗೆರೆಗಳು ಮೊಂಡಾಗಿರುತ್ತವೆ, ಒಳಮೈಯಲ್ಲಿ ಒತ್ತಿದ್ದ ಶುದ್ಧತೆಯ ಮುದ್ರೆ ಮಾಸಿರುತ್ತದೆ. ಆದ್ದರಿಂದ ಬೆಳ್ಳಿಯ ಆರೈಕೆಯಲ್ಲಿ ಮುಖ್ಯವಾದ ಪ್ರಶ್ನೆ ಎಷ್ಟು ಬೇಗ ಬೆಳ್ಳಗಾಯಿತು ಎಂಬುದಲ್ಲ, ಎಷ್ಟು ಕಡಿಮೆ ಬೆಳ್ಳಿ ಕಳೆದುಕೊಂಡು ಬೆಳ್ಳಗಾಯಿತು ಎಂಬುದು.

ಕಪ್ಪು ಒಂದೇ ದಿನದಲ್ಲಿ ಬರುವುದಿಲ್ಲ. ಮೊದಲು ತಿಳಿಹಳದಿ, ಆಮೇಲೆ ಕಂದು, ಕೆಲವೆಡೆ ನೀಲಿ ಮತ್ತು ನೇರಳೆ, ಕೊನೆಗೆ ಕಪ್ಪು. ನಡುವಿನ ಬಣ್ಣಗಳು ಬೇರೆ ಬೇರೆ ವಸ್ತುಗಳವಲ್ಲ. ಪದರ ತೆಳುವಾಗಿರುವಾಗ ಅದರ ಮೇಲಿನಿಂದಲೂ ಅಡಿಯಿಂದಲೂ ಮರಳುವ ಬೆಳಕು ಒಂದರೊಡನೊಂದು ಬೆರೆತು ಬಣ್ಣವಾಗಿ ಕಾಣುತ್ತದೆ, ಸೋಪಿನ ಗುಳ್ಳೆಯಲ್ಲಿ ಆಗುವಂತೆಯೇ. ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಇದನ್ನು ತಿಳಿದಿದ್ದರೆ ದೊಡ್ಡ ಪ್ರಯೋಜನವಿದೆ. ಹಳದಿ ಕಂಡ ಕೂಡಲೇ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕಾಗುವ ಕೆಲಸಕ್ಕೆ, ಕಪ್ಪಾಗುವವರೆಗೆ ಕಾದರೆ ಪೇಸ್ಟು, ದ್ರಾವಣ ಎಲ್ಲವೂ ಬೇಕಾಗುತ್ತದೆ.

925 ಎಂದರೆ ಏನು

ಅಪ್ಪಟ ಬೆಳ್ಳಿ ತುಂಬ ಮೆದು. ಅದರಿಂದ ಮಾಡಿದ ಉಂಗುರ ಬೇಗ ಸೊಟ್ಟಗಾಗುತ್ತದೆ, ಹರಳು ಹಿಡಿದ ಕೊಕ್ಕೆಗಳು ಬಾಗುತ್ತವೆ. ಅದಕ್ಕಾಗಿ ಗಟ್ಟಿತನ ಕೊಡುವ ಇನ್ನೊಂದು ಲೋಹವನ್ನು, ಸಾಮಾನ್ಯವಾಗಿ ತಾಮ್ರವನ್ನು, ಬೆರೆಸುತ್ತಾರೆ. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, 75 ಭಾಗ ಇತರ ಲೋಹ ಇದ್ದರೆ ಅದು ಸ್ಟರ್ಲಿಂಗ್ ಬೆಳ್ಳಿ. ಒಡವೆಯ ಕೊಂಡಿ ಅಥವಾ ಒಳಮೈಯಲ್ಲಿ ಕಾಣುವ 925 ಎಂಬ ಅಂಕಿ ಇದನ್ನೇ ಹೇಳುತ್ತದೆ. 999 ಎಂದಿದ್ದರೆ ಬಹುತೇಕ ಅಪ್ಪಟ, 800 ಎಂದಿದ್ದರೆ ಐದನೇ ಒಂದು ಭಾಗ ಬೇರೆ ಲೋಹ.

ಬೆರೆಸಿದ ತಾಮ್ರವೂ ಗಾಳಿ, ಬೆವರು, ಗಂಧಕಗಳೊಡನೆ ವರ್ತಿಸಿ ಕಪ್ಪಿಗೆ ತನ್ನ ಪಾಲನ್ನು ಸೇರಿಸುತ್ತದೆ. ಉಂಗುರ ತೊಟ್ಟ ಬೆರಳಲ್ಲಿ ಹಸಿರು ಗುರುತು ಮೂಡಿದರೆ ಅದು ತಾಮ್ರದ ಲವಣ. ಕಪ್ಪು ಗುರುತು ಮೂಡುವುದಕ್ಕೆ ಬೇರೆಯ ಕಾರಣವೂ ಇರಬಹುದು: ಮುಖಕ್ಕೆ, ಕೈಗೆ ಹಚ್ಚುವ ಪೌಡರು, ಕ್ರೀಮುಗಳಲ್ಲಿನ ಸತುವಿನ ಅಥವಾ ಟೈಟೇನಿಯಂನ ಆಕ್ಸೈಡ್ ಕಣಗಳು ಲೋಹವನ್ನು ಸಣ್ಣಗೆ ಅರೆಯುತ್ತವೆ. ಹಾಗೆ ಉದುರಿದ ನುಣ್ಣನೆಯ ಲೋಹದ ಪುಡಿ ಕಪ್ಪಗೆ ಕಾಣುತ್ತದೆ. ಇದರಿಂದ ಒಡವೆ ನಕಲಿ ಎಂದು ತೀರ್ಮಾನಿಸಬೇಕಿಲ್ಲ. ತೊಳೆದರೆ ಹೋಗುತ್ತದೆ.

ಕೈ ಹಾಕುವ ಮೊದಲು ಒಡವೆಯನ್ನು ಓದಿ

ಎಲ್ಲ ಬೆಳ್ಳಿ ಒಡವೆಯ ಮೇಲ್ಮೈ ಬೆಳ್ಳಿಯದಲ್ಲ. ಹೆಚ್ಚಿನ ಹಾನಿ ಆಗುವುದು ಇದನ್ನು ಗಮನಿಸದೆ ಇದ್ದಾಗ.

ಕನ್ನಡಿಯಂತೆ ಹೊಳೆಯುವ, ಸ್ವಲ್ಪ ಬೂದು ಛಾಯೆಯ, ವರ್ಷ ಕಳೆದರೂ ಕಪ್ಪಾಗದ ಒಡವೆಗೆ ರೋಡಿಯಂ ಲೇಪನ ಇರುವ ಸಾಧ್ಯತೆ ಹೆಚ್ಚು. ರೋಡಿಯಂ ಬಿಳಿಯ, ಗಟ್ಟಿಯಾದ, ಗಂಧಕಕ್ಕೆ ಬಗ್ಗದ ಲೋಹ. ಲೇಪನ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಅದಕ್ಕೆ ಸೋಪಿನ ನೀರು ಮತ್ತು ಮೆದು ಬಟ್ಟೆ ಸಾಕು. ಪಾಲಿಷ್ ಹಾಕಿ ತಿಕ್ಕಿದರೆ ಅಂಚುಗಳಲ್ಲಿ ಲೇಪನ ಸವೆದು ಒಳಗಿನ ಬೆಳ್ಳಿ ಇಣುಕುತ್ತದೆ, ಅಲ್ಲಿಂದ ಕಪ್ಪು ಶುರುವಾಗುತ್ತದೆ. ಬೆಳ್ಳಿಯ ಮೇಲೆ ಚಿನ್ನದ ಲೇಪನ ಇರುವ ಒಡವೆಗೂ ಇದೇ ನಿಯಮ.

ಆಕ್ಸಿಡೈಸ್ಡ್ ಎಂದು ಕರೆಯುವ ಒಡವೆಗಳದ್ದು ಇನ್ನೊಂದು ಬಗೆ. ಹೆಸರು ಹಾಗಿದ್ದರೂ ಅವುಗಳ ಕಪ್ಪು ಹೆಚ್ಚಾಗಿ ಸಲ್ಫೈಡೇ. ಪೊಟ್ಯಾಸಿಯಂ ಪಾಲಿಸಲ್ಫೈಡ್‌ನಂಥ ಗಂಧಕದ ದ್ರಾವಣದಲ್ಲಿ ಮುಳುಗಿಸಿ ಇಡೀ ಒಡವೆಯನ್ನು ಕಪ್ಪಾಗಿಸಿ, ಉಬ್ಬಿದ ಭಾಗಗಳನ್ನಷ್ಟೇ ಉಜ್ಜಿ ಬೆಳಗಿಸಿರುತ್ತಾರೆ. ತಗ್ಗಿನಲ್ಲಿ ಉಳಿದ ಕಪ್ಪಿನಿಂದಲೇ ಕೆತ್ತನೆ ಎದ್ದು ಕಾಣುವುದು. ಕಪ್ಪು ತೆಗೆಯುವ ಯಾವ ದ್ರಾವಣಕ್ಕೂ ಬೇಕಾದ ಕಪ್ಪು, ಬೇಡವಾದ ಕಪ್ಪು ಎಂಬ ಭೇದವಿಲ್ಲ. ಇಂಥವನ್ನು ಎಂದೂ ಮುಳುಗಿಸಬೇಡಿ. ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ಉಬ್ಬಿದ ಜಾಗಗಳನ್ನು ಮಾತ್ರ ಸವರಿ.

ಬೇರೆ ಲೋಹದ ಮೇಲೆ ಬೆಳ್ಳಿ ಲೇಪಿಸಿದ ಒಡವೆಗಳಲ್ಲಿ ಅಂಚು ಸವೆದಲ್ಲಿ ಕೆಂಪು ಅಥವಾ ಹಳದಿ ಲೋಹ ಕಾಣುತ್ತದೆ. ಅಲ್ಲಿ ಉಜ್ಜಿದಷ್ಟೂ ನಷ್ಟ. ಇನ್ನು ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಅಯಸ್ಕಾಂತಕ್ಕೆ ಅಂಟದಿದ್ದರೆ ಬೆಳ್ಳಿ ಎಂಬ ನಂಬಿಕೆಯೂ ಸಾಲದು, ಏಕೆಂದರೆ ತಾಮ್ರವೂ ಹಿತ್ತಾಳೆಯೂ ಅಂಟುವುದಿಲ್ಲ.

ಮೊದಲ ಹೆಜ್ಜೆ ಯಾವಾಗಲೂ ಸೋಪಿನ ನೀರು

ಮಂಕಾದ ಒಡವೆಯಲ್ಲಿ ಎಷ್ಟೋ ಸಲ ಇರುವುದು ಸಲ್ಫೈಡ್‌ಗಿಂತ ಹೆಚ್ಚಾಗಿ ಮೈಯ ಎಣ್ಣೆ, ಬೆವರು, ಕ್ರೀಮು ಮತ್ತು ದೂಳು. ದೂಳಿನಲ್ಲಿ ಸ್ಫಟಿಕ ಶಿಲೆಯ ಕಣಗಳಿರುತ್ತವೆ. ಗಟ್ಟಿತನದ ಮೋಸ್ ಮಾಪಕದಲ್ಲಿ ಬೆಳ್ಳಿ 2.5ರಿಂದ 3ರ ನಡುವೆ ಇದ್ದರೆ ಸ್ಫಟಿಕ ಶಿಲೆ 7. ತೊಳೆಯದೆ ಒಣಬಟ್ಟೆಯಲ್ಲಿ ಉಜ್ಜಿದರೆ ಆ ಕಣಗಳೇ ಗೀರು ಹಾಕುತ್ತವೆ. ಆದ್ದರಿಂದ ಮುಂದೆ ಏನೇ ಮಾಡುವುದಿದ್ದರೂ ಮೊದಲು ತೊಳೆಯಬೇಕು.

ಒಂದು ಬಟ್ಟಲಿನಲ್ಲಿ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಸೌಮ್ಯ ದ್ರವ ಮೂರು-ನಾಲ್ಕು ಹನಿ. ಒಡವೆಯನ್ನು ಐದು ನಿಮಿಷ ನೆನೆಸಿ, ಮಕ್ಕಳ ಹಲ್ಲುಜ್ಜುವ ಮೆದು ಬ್ರಷ್‌ನಿಂದ ಕೊಂಡಿ, ಸರದ ಕಣ್ಣಿ, ಹರಳಿನ ಹಿಂಬದಿಗಳನ್ನು ಹಗುರವಾಗಿ ಸವರಿ. ಈ ಕೆಲಸ ಬಟ್ಟಲಿನಲ್ಲೇ ಆಗಲಿ. ಹರಿಯುವ ನಲ್ಲಿಯ ಕೆಳಗೆ ಕಳಚಿದ ಹರಳು ಸಿಗುವುದಿಲ್ಲ. ಬಳಿಕ ಶುದ್ಧ ನೀರಿನಲ್ಲಿ ಎರಡು ಸಲ ಜಾಲಿಸಿ. ನೀರು ಗಡುಸಾಗಿದ್ದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ, ಕೊನೆಯ ಜಾಲಿಕೆಗೆ ಬಟ್ಟಿ ಇಳಿಸಿದ (ಡಿಸ್ಟಿಲ್ಡ್) ನೀರು ಬಳಸಿದರೆ ಅದು ತಪ್ಪುತ್ತದೆ.

ಒಣಗಿಸುವುದನ್ನು ಹೆಚ್ಚಿನವರು ಅವಸರದಲ್ಲಿ ಮುಗಿಸುತ್ತಾರೆ, ಆದರೆ ತೊಳೆಯುವುದರಷ್ಟೇ ಗಮನ ಅದಕ್ಕೂ ಬೇಕು. ಸರದ ಕಣ್ಣಿಗಳ ಒಳಗೆ, ಗೆಜ್ಜೆಯ ಗುಂಡುಗಳ ಒಳಗೆ ನೀರು ನಿಲ್ಲುತ್ತದೆ. ಹತ್ತಿಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಕೂದಲು ಒಣಗಿಸುವ ಯಂತ್ರದ ತಣ್ಣನೆಯ ಗಾಳಿ ಹಿಡಿದು, ಇನ್ನೂ ಒಂದೆರಡು ಗಂಟೆ ಬಟ್ಟೆಯ ಮೇಲೆ ಬಿಟ್ಟು ಆಮೇಲೆ ಡಬ್ಬಿಗೆ ಹಾಕಿ.

ಬಟ್ಟೆ ಮತ್ತು ಬಿಳಿ ಪುಡಿ

ಹಳದಿ ಅಥವಾ ತಿಳಿಕಂದು ಉಳಿದಿದ್ದರೆ ಬೆಳ್ಳಿಗೆಂದೇ ಸಿಗುವ ಪಾಲಿಷ್ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಇದು ಹೆಚ್ಚಾಗಿ ಎರಡು ಪದರದ್ದು. ಒಳಗಿನದರಲ್ಲಿ ನುಣುಪಾದ ಪಾಲಿಷ್ ಪುಡಿ ಇರುತ್ತದೆ, ಹೊರಗಿನದು ಕೊನೆಯ ಮೆರುಗಿಗೆ. ಗುಂಡಗೆ ಸುತ್ತಿಸುತ್ತಿ ಉಜ್ಜದೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಸುತ್ತು ಗೀರುಗಳು ಬೆಳಕಿನಲ್ಲಿ ಬೇಗ ಕಣ್ಣಿಗೆ ಬೀಳುತ್ತವೆ. ಬಟ್ಟೆ ಕಪ್ಪಾಯಿತೆಂದು ಒಗೆಯಬೇಡಿ, ಪಾಲಿಷ್ ಪುಡಿ ನೀರಿನಲ್ಲಿ ಹೋಗಿಬಿಡುತ್ತದೆ. ಕಪ್ಪಾದ ಮೇಲೂ ಅದು ಬಹುಕಾಲ ಕೆಲಸ ಮಾಡುತ್ತದೆ.

ಅದಕ್ಕೂ ಬಗ್ಗದ ಕಪ್ಪಿಗೆ ವಸ್ತುಸಂಗ್ರಹಾಲಯಗಳ ಸಂರಕ್ಷಕರು ನೆಚ್ಚಿಕೊಳ್ಳುವುದು ಪ್ರೆಸಿಪಿಟೇಟೆಡ್ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿಯನ್ನು. ಇದರ ಕಣಗಳು ಅತಿ ಸಣ್ಣ, ಸಮಗಾತ್ರದವು, ಗಟ್ಟಿತನದಲ್ಲಿ ಬೆಳ್ಳಿಗೆ ಹತ್ತಿರದವು. ಅದಕ್ಕೇ ಸಲ್ಫೈಡನ್ನು ಎತ್ತುತ್ತವೆ, ಲೋಹವನ್ನು ಹೆಚ್ಚು ಕೆರೆಯುವುದಿಲ್ಲ. ಒಂದು ಚಮಚ ಪುಡಿಗೆ ಹನಿಹನಿಯಾಗಿ ನೀರು ಬೆರೆಸಿ ಗಟ್ಟಿ ಕೆನೆಯ ಹದಕ್ಕೆ ತನ್ನಿ. ಹತ್ತಿಯ ಉಂಡೆಯಲ್ಲಿ ಸ್ವಲ್ಪ ತೆಗೆದು ಹಗುರವಾಗಿ ಸವರಿ. ಹತ್ತಿ ಕಪ್ಪಾದಂತೆ ಹೊಸದು ತೆಗೆದುಕೊಳ್ಳಿ. ಸಂದುಗಳಿಗೆ ಕಿವಿ ಸ್ವಚ್ಛಗೊಳಿಸುವ ಹತ್ತಿಕಡ್ಡಿ ಅನುಕೂಲ. ಕೆಲಸ ಮುಗಿದ ಕೂಡಲೇ ಪುಡಿಯನ್ನು ಪೂರ್ತಿ ತೊಳೆಯಿರಿ; ಕೆತ್ತನೆಯಲ್ಲಿ ಒಣಗಿದರೆ ಬಿಳಿ ಗೆರೆಯಾಗಿ ನಿಂತುಬಿಡುತ್ತದೆ. ಕರಿಹಲಗೆಯ ಮೇಲೆ ಬರೆಯುವ ಸೀಮೆಸುಣ್ಣವನ್ನು ಪುಡಿಮಾಡಿ ಬಳಸುವುದು ಇದಕ್ಕೆ ಬದಲಿಯಲ್ಲ. ಅದು ಎಷ್ಟೋ ಸಲ ಜಿಪ್ಸಮ್ ಆಗಿರುತ್ತದೆ, ಒರಟು ಕಣಗಳೂ ಇರಬಹುದು.

ಅಲ್ಯುಮಿನಿಯಂ ಹಾಳೆಯ ವಿಧಾನ: ಏನಾಗುತ್ತದೆ, ಎಲ್ಲಿ ಕೈಕೊಡುತ್ತದೆ

ಈಗ ಆ ವಿಡಿಯೊಗಳ ವಿಷಯ. ಗಂಧಕದ ಜೊತೆ ಸೇರಿಕೊಂಡ ಬೆಳ್ಳಿಯನ್ನು ಮತ್ತೆ ಲೋಹವಾಗಿಸಲು ಅದಕ್ಕೆ ಎಲೆಕ್ಟ್ರಾನುಗಳು ಬೇಕು. ಅಲ್ಯುಮಿನಿಯಂ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ, ಆದರೆ ಅದರ ಮೇಲೆ ಸದಾ ಆಕ್ಸೈಡಿನ ತೆಳುಪೊರೆ ಇರುವುದರಿಂದ ಸುಮ್ಮನಿರುತ್ತದೆ. ಸೋಡಾ ಬೆರೆತ ಬಿಸಿನೀರು ಆ ಪೊರೆಯನ್ನು ಕರಗಿಸುತ್ತದೆ. ಬೆಳ್ಳಿಯೂ ಅಲ್ಯುಮಿನಿಯಮ್ಮೂ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಎಲೆಕ್ಟ್ರಾನುಗಳು ನೇರವಾಗಿ ಹರಿಯುತ್ತವೆ, ನೀರಿನಲ್ಲಿ ಕರಗಿದ ಸೋಡಾ ಆ ವಿದ್ಯುತ್ ಮಾರ್ಗವನ್ನು ಪೂರ್ಣಗೊಳಿಸುತ್ತದೆ. ಬೆಳ್ಳಿ ಮೇಲ್ಮೈಯಲ್ಲೇ ಲೋಹವಾಗಿ ಮರಳುತ್ತದೆ. ಗಂಧಕದ ಒಂದಂಶ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬೀಳುತ್ತದೆ. ಆಗ ಬರುವ ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಕಿಟಕಿ ತೆರೆದಿಡಿ.

ಮಾಡುವ ಕ್ರಮ ಹೀಗೆ. ಒಡವೆಯನ್ನು ಮೊದಲು ಸೋಪಿನಲ್ಲಿ ತೊಳೆಯಿರಿ, ಜಿಡ್ಡಿದ್ದರೆ ಕ್ರಿಯೆ ಅಲ್ಲಲ್ಲಿ ನಿಲ್ಲುತ್ತದೆ. ಗಾಜಿನ ಅಥವಾ ಪಿಂಗಾಣಿಯ ಬಟ್ಟಲಿಗೆ ಅಲ್ಯುಮಿನಿಯಂ ಹಾಳೆ ಹಾಸಿ. ಹಾಳೆಯ ಹೊಳಪಿನ ಬದಿ ಯಾವ ಕಡೆಗಿದ್ದರೂ ವ್ಯತ್ಯಾಸವಿಲ್ಲ. ಒಡವೆಯನ್ನು ಹಾಳೆಗೆ ತಾಗುವಂತೆ ಇಡಿ. ಒಂದು ಲೀಟರ್ ಕುದಿಯುವುದಕ್ಕೆ ಹತ್ತಿರವಾದ ನೀರಿಗೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ ಅಡುಗೆ ಸೋಡಾ ಬೆರೆಸಿ ಸುರಿಯಿರಿ. ನೊರೆ ಉಕ್ಕುತ್ತದೆ, ನಿಧಾನವಾಗಿ ಸುರಿಯಬೇಕು. ಒಂದು ನಿಮಿಷದ ಮೇಲೆ ಮರದ ಅಥವಾ ಪ್ಲಾಸ್ಟಿಕ್ಕಿನ ಚಿಮಟದಿಂದ ಮಗುಚಿ, ಐದು ನಿಮಿಷದೊಳಗೆ ತೆಗೆದು ಎರಡು-ಮೂರು ನೀರಿನಲ್ಲಿ ಜಾಲಿಸಿ ಒಣಗಿಸಿ. ಏನೂ ಆಗದಿದ್ದರೆ ಬಹುತೇಕ ಕಾರಣ ಎರಡೇ: ನೀರು ಆರಿದೆ, ಇಲ್ಲವೇ ಒಡವೆ ಹಾಳೆಗೆ ತಾಗಿಲ್ಲ. ಹಾಳೆಯ ಬದಲು ಅಡುಗೆಯ ಅಲ್ಯುಮಿನಿಯಂ ಪಾತ್ರೆಯನ್ನೇ ಬಳಸಿದರೂ ಕ್ರಿಯೆ ನಡೆಯುತ್ತದೆ, ಆದರೆ ಕರಗುವುದು ಆ ಪಾತ್ರೆಯ ಲೋಹ.

ಉಜ್ಜುವುದಿಲ್ಲವಾದ್ದರಿಂದ ಬೆಳ್ಳಿ ಚೂರೂ ಹೋಗುವುದಿಲ್ಲ ಎಂದು ಹೇಳುವುದುಂಟು. ಅದು ಅರ್ಧ ನಿಜ. ಮರಳಿದ ಬೆಳ್ಳಿ ಮೊದಲಿನಂತೆ ನುಣುಪಾಗಿ ಕೂರುವುದಿಲ್ಲ. ಸೂಕ್ಷ್ಮ ಕಣಗಳಾಗಿ, ಸಡಿಲವಾಗಿ, ರಂಧ್ರಮಯವಾಗಿ ಕೂರುತ್ತದೆ. ಹಾಗಾಗಿ ಒಡವೆ ಬೆಳ್ಳಗಾದರೂ ಕನ್ನಡಿಯ ಹೊಳಪಿನ ಬದಲು ಮಂಜು ಕವಿದಂತೆ ಕಾಣಬಹುದು, ಒರಟು ಮೈಯಲ್ಲಿ ಮುಂದಿನ ಕಪ್ಪು ಬೇಗ ಏರಬಹುದು. ಪಾಲಿಷ್ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೊಳಪು ಬರುತ್ತದೆ, ಆಗ ಸಡಿಲ ಕಣಗಳು ಒಂದಿಷ್ಟು ಬಟ್ಟೆಗೆ ಬರುತ್ತವೆ. ಹರಳಿಲ್ಲದ, ಬರಿಯ ಬೆಳ್ಳಿಯ ಸರ ಅಥವಾ ಬಳೆ ಪೂರ್ತಿ ಕಪ್ಪಾಗಿದ್ದರೆ ವರ್ಷಕ್ಕೊಮ್ಮೆ ಈ ವಿಧಾನ ಬಳಸಲು ಅಡ್ಡಿಯಿಲ್ಲ. ಮುತ್ತು, ಹರಳು, ಅಂಟು, ಆಕ್ಸಿಡೈಸ್ಡ್ ಕೆಲಸ, ದಾರದಲ್ಲಿ ಪೋಣಿಸಿದ ಮಣಿ, ಇವುಗಳಲ್ಲಿ ಯಾವುದೇ ಇದ್ದರೂ ಬೇಡ. ಟೊಳ್ಳು ಬಳೆ ಮತ್ತು ಗುಂಡುಗಳಿಗೂ ಬೇಡ: ಬೆಸುಗೆಯ ಸಣ್ಣ ರಂಧ್ರದಿಂದ ಒಳಹೊಕ್ಕ ಸೋಡಾ ನೀರು ವಾರಗಳ ನಂತರ ಬಿಳಿ ಕಲೆಯಾಗಿ ಒಸರುತ್ತದೆ.

ಅದ್ದಿ ತೆಗೆಯುವ ದ್ರಾವಣಗಳು

ಬಾಟಲಿಯಲ್ಲಿ ಸಿಗುವ ಅದ್ದು ದ್ರಾವಣಗಳಲ್ಲಿ ಹೆಚ್ಚಾಗಿ ಇರುವುದು ಥಯೋಯೂರಿಯಾ ಮತ್ತು ಒಂದು ಆಮ್ಲ. ಸಲ್ಫೈಡನ್ನು ಸೆಕೆಂಡುಗಳಲ್ಲಿ ಕರಗಿಸುತ್ತವೆ. ಆದರೆ ಕರಗಿದ ಬೆಳ್ಳಿ ಒಡವೆಗೆ ಮರಳುವುದಿಲ್ಲ, ದ್ರಾವಣದಲ್ಲೇ ಉಳಿಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಆಮ್ಲ ಮೇಲ್ಮೈಯನ್ನು ಕೊರೆಯುತ್ತದೆ, ಹೊಳಪು ಸತ್ತ ಬೂದು ಬಣ್ಣವಾಗುತ್ತದೆ. ಥಯೋಯೂರಿಯಾ ಕ್ಯಾನ್ಸರ್‌ಗೆ ಕಾರಣವಾಗಬಹುದೆಂದು ಶಂಕಿಸಲಾದ ವಸ್ತು, ಅದರಲ್ಲೂ ಗಂಧಕವಿದೆ. ಸರಿಯಾಗಿ ತೊಳೆಯದಿದ್ದರೆ ಮತ್ತೆ ಕಪ್ಪಾಗಲು ಅದೇ ಕಾರಣವಾಗುತ್ತದೆ. ಬಳಸಲೇಬೇಕಾದರೆ ಕೈಗವಸು ತೊಟ್ಟು, ಹತ್ತಿಯಲ್ಲಿ ಸವರಿ, ಹತ್ತು ಸೆಕೆಂಡಿನೊಳಗೆ ಹರಿಯುವ ನೀರಿಗೆ ಹಿಡಿಯಿರಿ.

ಮನೆಮದ್ದುಗಳಲ್ಲಿ ಬೇಡವಾದವು

ಟೂತ್‌ಪೇಸ್ಟನ್ನು ಹಲ್ಲಿನ ಗಟ್ಟಿ ಹೊರಪದರಕ್ಕೆಂದು ತಯಾರಿಸಿರುತ್ತಾರೆ. ಹಲ್ಲಿನ ಎನಾಮಲ್ ಮೋಸ್ ಮಾಪಕದಲ್ಲಿ ಸುಮಾರು 5, ಬೆಳ್ಳಿ ಅದಕ್ಕಿಂತ ಎಷ್ಟೋ ಮೆದು. ಪೇಸ್ಟಿನಲ್ಲಿರುವ ಸಿಲಿಕಾ ಕಣಗಳು ಕಪ್ಪನ್ನೂ ತೆಗೆಯುತ್ತವೆ, ಸಾವಿರಾರು ಸಣ್ಣ ಗೀರುಗಳನ್ನೂ ಬಿಡುತ್ತವೆ. ಒಣ ಅಡುಗೆ ಸೋಡಾದಿಂದ ತಿಕ್ಕುವುದೂ ಇದೇ ಕಾರಣಕ್ಕೆ ಒಳ್ಳೆಯದಲ್ಲ, ಸೋಡಾದ ಹರಳುಗಳು ಕರಗುವ ಮೊದಲು ಗೀರುತ್ತವೆ.

ನಿಂಬೆರಸ, ವಿನೆಗರ್‌ಗಳಂಥ ಹುಳಿ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಬೆಳ್ಳಿಯ ಸಲ್ಫೈಡಿಗೆ ಅದರ ಪ್ರಭಾವ ತೀರ ಕಡಿಮೆ. ಹಿತ್ತಾಳೆ ಪಾತ್ರೆಗೆ ಒಗ್ಗುವ ಮದ್ದು ಬೆಳ್ಳಿಗೆ ಒಗ್ಗದಿರುವುದು ಅದಕ್ಕೇ. ಮುತ್ತು, ಹವಳ ಇದ್ದರಂತೂ ಹುಳಿ ಅವನ್ನೇ ಕರಗಿಸಲು ಶುರುಮಾಡುತ್ತದೆ, ಏಕೆಂದರೆ ಅವೆರಡೂ ಕ್ಯಾಲ್ಸಿಯಂ ಕಾರ್ಬೊನೇಟ್.

ಎಲ್ಲಕ್ಕಿಂತ ಅಪಾಯಕಾರಿ ಬ್ಲೀಚ್. ಅದರಲ್ಲಿನ ಕ್ಲೋರಿನ್ ಬೆಳ್ಳಿಯನ್ನು ನೇರವಾಗಿ ತಿನ್ನುತ್ತದೆ, ಮೇಲ್ಮೈ ಕಪ್ಪಾಗಿ ಕುಳಿ ಬೀಳಬಹುದು. ಕುಳಿಯನ್ನು ಯಾವ ಪಾಲಿಷೂ ತುಂಬಲಾರದು. ನೆಲ ಒರೆಸುವ, ಶೌಚಾಲಯ ತೊಳೆಯುವ, ಈಜುಕೊಳಕ್ಕೆ ಇಳಿಯುವ ಮೊದಲು ಬೆಳ್ಳಿ ತೆಗೆದಿಡಿ.

ಮುತ್ತು, ಹರಳು ಇದ್ದರೆ

ಮುತ್ತು, ಹವಳ, ಓಪಲ್, ವೈಡೂರ್ಯದಂಥ ಗಟ್ಟಿ ಹರಳು, ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಬಾರದು. ಮುತ್ತು, ಹವಳ, ಓಪಲ್, ಟರ್ಕಾಯ್ಸ್, ಅಂಬರ್‌ಗಳನ್ನು ನೆನೆಸಬೇಡಿ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ. ಪಚ್ಚೆಯಲ್ಲಿನ ಬಿರುಕು ಕಾಣದಂತೆ ಎಣ್ಣೆ ತುಂಬಿರುವುದು ಸಾಮಾನ್ಯ, ಬಿಸಿನೀರು ಮತ್ತು ಸೋಪು ಆ ಎಣ್ಣೆಯನ್ನು ಹೊರಗೆಳೆಯುತ್ತವೆ. ಹಿಂಬದಿ ಮುಚ್ಚಿದ, ಕೆಳಗೆ ಹೊಳೆಯುವ ತಗಡು ಇಟ್ಟ ಹರಳಿಗೆ ನೀರು ಸೋಕಿದರೆ ತಗಡು ಕಪ್ಪಾಗಿ ಹರಳು ಮಂಕಾಗುತ್ತದೆ. ಶ್ರವಣಾತೀತ ತರಂಗದಿಂದ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರವೂ ಇವಕ್ಕೆಲ್ಲ ಸಲ್ಲದು. ಬರಿಯ ಬೆಳ್ಳಿಗೆ ಅದು ಸಲ್ಲುತ್ತದಾದರೂ ಅದು ಕೊಳೆಯನ್ನು ಬಿಡಿಸುತ್ತದೆಯೇ ಹೊರತು ಸಲ್ಫೈಡನ್ನಲ್ಲ.

ಎತ್ತಿಡುವ ಕ್ರಮ

ಗಂಧಕ ಮತ್ತು ತೇವ, ಈ ಎರಡನ್ನು ದೂರವಿಟ್ಟರೆ ಮೇಲಿನ ಕೆಲಸಗಳಲ್ಲಿ ಮುಕ್ಕಾಲು ಪಾಲು ಬೇಕಾಗುವುದೇ ಇಲ್ಲ. ಪೂರ್ತಿ ಒಣಗಿದ ಒಂದೊಂದು ಒಡವೆಯನ್ನು ಒಂದೊಂದು ಪಾಲಿಥೀನ್ ಜಿಪ್ ಚೀಲದಲ್ಲಿ ಹಾಕಿ, ಗಾಳಿಯನ್ನು ಒತ್ತಿ ಹೊರಹಾಕಿ ಮುಚ್ಚಿ. ಒಟ್ಟಿಗೆ ತುರುಕಿದರೆ ಗಟ್ಟಿ ಹರಳು ಬೆಳ್ಳಿಯನ್ನು ಗೀರುತ್ತದೆ. ಎಲ್ಲ ಚೀಲಗಳನ್ನೂ ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ. ಒಳಗಿನ ಸಾಪೇಕ್ಷ ಆರ್ದ್ರತೆ ಶೇ 50ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಜೆಲ್ ತೇವವನ್ನಷ್ಟೇ ಹೀರುತ್ತದೆ. ಗಂಧಕದ ಅನಿಲ ಹೀರಲು ಬೆಳ್ಳಿಗೆಂದೇ ಮಾಡಿದ ಕಪ್ಪುನಿರೋಧಕ ಪಟ್ಟಿ ಬೇಕು. ಸೂಕ್ಷ್ಮ ಬೆಳ್ಳಿ ಕಣಗಳನ್ನು ನೇಯ್ಗೆಯಲ್ಲಿ ಸೇರಿಸಿದ ಬಟ್ಟೆಯೂ ಸಿಗುತ್ತದೆ: ಗಾಳಿಯಲ್ಲಿ ಬರುವ ಗಂಧಕ ಆ ಕಣಗಳಿಗೇ ಸಿಕ್ಕಿಬೀಳುತ್ತದೆ, ಒಡವೆಯವರೆಗೆ ತಲುಪುವುದು ಕಡಿಮೆ.

ರಬ್ಬರ್ ಬ್ಯಾಂಡಿನಿಂದ ಎಂದೂ ಕಟ್ಟಬೇಡಿ. ರಬ್ಬರನ್ನು ಗಟ್ಟಿಮಾಡಲು ಗಂಧಕ ಸೇರಿಸಿರುತ್ತಾರೆ, ಮೇಲೆ ಕಾಗದ ಸುತ್ತಿದ್ದರೂ ಅದರ ಗೆರೆ ಬೆಳ್ಳಿಯ ಮೇಲೆ ಕಪ್ಪಗೆ ಮೂಡುತ್ತದೆ. ಉಣ್ಣೆ, ದಿನಪತ್ರಿಕೆಯ ಕಾಗದ ಕೂಡ ಗಂಧಕ ಬಿಡುತ್ತವೆ, ಪಿವಿಸಿ ಪ್ಲಾಸ್ಟಿಕ್ ಕಾಲಕ್ರಮದಲ್ಲಿ ಆಮ್ಲ ಬಿಡುತ್ತದೆ.

ದಿನಾ ತೊಡುವ ಬೆಳ್ಳಿ ಪೆಟ್ಟಿಗೆಯಲ್ಲಿರುವುದಕ್ಕಿಂತ ಬೆಳ್ಳಗಿರುವುದು ಹಲವರ ಗಮನಕ್ಕೆ ಬಂದಿರಬಹುದು. ಚರ್ಮಕ್ಕೂ ಬಟ್ಟೆಗೂ ಉಜ್ಜಿಕೊಂಡು ಪದರ ಕಟ್ಟುವ ಮೊದಲೇ ಅದು ಒರಸಿಹೋಗುತ್ತದೆ. ಅಲಂಕಾರವೆಲ್ಲ ಮುಗಿದು, ಕ್ರೀಮು, ಸುಗಂಧ ಒಣಗಿದ ಮೇಲೆ ಕೊನೆಯದಾಗಿ ಬೆಳ್ಳಿ ತೊಡಿ, ಮನೆಗೆ ಬಂದ ಮೇಲೆ ಮೊದಲು ಅದನ್ನೇ ತೆಗೆದು ಒಣಬಟ್ಟೆಯಲ್ಲಿ ಬೆವರು ಒರೆಸಿ ಇಡಿ.

ಅಕ್ಕಸಾಲಿಗರ ಕೈಗೆ ಕೊಡಬೇಕಾದದ್ದು

ಅಲುಗಾಡುವ ಹರಳು, ತೆಳುವಾಗಿ ಸವೆದ ಸರದ ಕಣ್ಣಿ, ಅಂಚಿನಲ್ಲಿ ಸವೆದ ರೋಡಿಯಂ ಲೇಪನ ಇದ್ದರೆ ಮನೆಯಲ್ಲಿ ಪ್ರಯತ್ನ ಬೇಡ. ಎಷ್ಟು ಬೆಳಗಿದರೂ ಹೋಗದ ಕೆನ್ನೇರಳೆ ಛಾಯೆಯ ಮಚ್ಚೆ ಕಂಡರೆ ಅದು ಬಹುಶಃ ಬೆಸುಗೆಯ ಬೆಂಕಿಯಲ್ಲಿ ಮೇಲ್ಮೈಯ ಕೆಳಗೆ ಉಂಟಾದ ತಾಮ್ರದ ಆಕ್ಸೈಡ್. ಅದು ಇರುವುದು ಲೋಹದ ಒಳಗೆ. ತೆಗೆಯಬೇಕಾದರೆ ಮೇಲಿನ ಬೆಳ್ಳಿಯನ್ನು ಅರೆಯಬೇಕು, ಇಲ್ಲವೇ ಲೇಪನದಿಂದ ಮುಚ್ಚಬೇಕು. ಕೊಡುವಾಗ ಒಡವೆಯಲ್ಲಿ ಬೇಕೆಂದೇ ಉಳಿಸಿದ ಕಪ್ಪು ಇದ್ದರೆ ಅದನ್ನು ಮೊದಲೇ ಹೇಳಿ, ಮುದ್ರೆ ಇರುವ ಜಾಗಕ್ಕೆ ಪಾಲಿಷ್ ಚಕ್ರ ತಾಗಿಸಬೇಡಿ ಎಂದೂ ಕೇಳಿಕೊಳ್ಳಿ.